ಕಾರಿನ ನೆತ್ತಿ ಗೋಡೌನಲ್ಲ ಸ್ವಾಮಿ!

ಹುಲಿಕೆರೆ: ಹಳೇಬೀಡಿನ ಗುಡಿ ನೋಡಿಕೊಂಡು ನಮ್ಮ ಹುಲಿಕೆರೆಯ ಕಲ್ಯಾಣಿ ಕಡೆಗೆ ತಿರುಗುವ ಕಾರುಗಳ ತಲೆಯ ಮೇಲೆ ಒಂದು ಕರಿ ಪೆಟ್ಟಿಗೆ ಕಾಣುವುದುಂಟು. ಮುಂದೆ ಚೂಪು, ಹಿಂದೆ ಅಗಲ, ಮಗುಚಿ ಹಾಕಿದ ದೋಣಿಯಂತಿರುತ್ತದೆ. ಮೊದಲ ಸಲ ನೋಡಿದವರಿಗೆ ಶವಪೆಟ್ಟಿಗೆ ನೆನಪಾದರೂ ತಪ್ಪಿಲ್ಲ. ಒಳಗಿರುವುದು ಬಟ್ಟೆಬರೆ, ಹಾಸಿಗೆ ಸುರುಳಿ, ಮಕ್ಕಳ ಆಟದ ಸಾಮಾನು ಅಷ್ಟೇ. ಅದರ ಹೆಸರು ರೂಫ್ ಬಾಕ್ಸ್. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ದೂರದೂರಿನ ಕಾರುಗಳ ಜೊತೆ ಅವುಗಳ ಷೋಕಿಯೂ ನಮ್ಮ ಕಣ್ಣಿಗೆ ಬೀಳುತ್ತದೆ.

ಕಂಡದ್ದೆಲ್ಲ ಬೇಕು ಅನ್ನುವುದು ಮನುಷ್ಯನ ಗುಣ. ಒಂದು ಅಂಗಡಿ, ಒಂದು ಕಾರು ಇರುವ ಮನೆಯಲ್ಲಿ ಧರ್ಮಸ್ಥಳಕ್ಕೆ ಹೊರಡುವ ಮಾತು ಬಂದರೆ ಸಾಕು, "ನಾವೂ ಒಂದು ಪೆಟ್ಟಿಗೆ ಹಾಕಿಸೋಣ" ಎಂಬ ಮಾತೂ ಬರುತ್ತದೆ. ಹಾಕಿಸಲಿ, ಬೇಡ ಅನ್ನಲು ನಾವ್ಯಾರು? ಆದರೆ ಪೆಟ್ಟಿಗೆಯಲ್ಲಿ ಎಷ್ಟು ಹಿಡಿಯುತ್ತದೆ ಎಂದು ಕೇಳುವವರೇ ಎಲ್ಲರೂ. ಕಾರಿನ ತಾರಸಿ ಎಷ್ಟು ತಡೆಯುತ್ತದೆ ಎಂದು ಕೇಳುವವರು ಕಮ್ಮಿ. ಇಂದಿನ ಅಂಕಣ ಈ ಎರಡನೆಯ ಪ್ರಶ್ನೆಗೆ ಮೀಸಲು.

ಅಂಬಾಸಡರ್ ಕಾಲ ಬೇರೆ

ನಮ್ಮ ಕಡೆಯವರಿಗೆ ಕಾರಿನ ಮೇಲೆ ಸಾಮಾನು ಹೇರುವುದು ಹೊಸ ವಿದ್ಯೆಯೇನಲ್ಲ. ಬಸ್ಸಿನ ಹಿಂದೆ ಏಣಿ ಇದ್ದ ಕಾಲದಲ್ಲಿ ಸೈಕಲ್ಲು, ಕುಕ್ಕೆ ತುಂಬ ಕೋಳಿ, ಮದುವೆ ಪಾತ್ರೆ ಎಲ್ಲಾ ಟಾಪಿಗೇ ಹೋಗುತ್ತಿದ್ದವು. ಟ್ಯಾಕ್ಸಿ ಸ್ಟ್ಯಾಂಡಿನ ಅಂಬಾಸಡರ್ ಕಾರಿನ ತಲೆಯ ಮೇಲೆ ಕಬ್ಬಿಣದ ಕ್ಯಾರಿಯರ್ ಇಲ್ಲದಿದ್ದರೆ ಅದು ಬೋಳು ತಲೆಯಂತೆ ಕಾಣುತ್ತಿತ್ತು. ಐದಾರು ಮೂಟೆ ಮೇಲೆ, ಎಂಟು ಜನ ಒಳಗೆ, ಹಾಗೇ ಘಾಟಿ ಇಳಿದು ಬಂದವರು ಊರೂರಲ್ಲೂ ಸಿಗುತ್ತಾರೆ. "ಆಗ ಏನೂ ಆಗ್ಲಿಲ್ಲ, ಈಗೇನಾಗುತ್ತೆ?" ಅನ್ನುವುದು ಅವರ ವಾದ.

ಇದಕ್ಕೆ ಉತ್ತರ ಕಾರಿನ ತಾರಸಿಯಲ್ಲೇ ಇದೆ. 1958ರಿಂದ 2014ರ ಮೇ ತಿಂಗಳವರೆಗೆ ತಯಾರಾದ ಅಂಬಾಸಡರ್ ಗಾಡಿಯ ತಾರಸಿಯ ಎರಡೂ ಪಕ್ಕ, ಬಾಗಿಲ ನೆತ್ತಿಗೆ ಸರಿಯಾಗಿ, ಮಳೆನೀರು ಹರಿಯಲೆಂದು ತಗಡಿನ ಅಂಚೊಂದು ಹೊರಕ್ಕೆ ಚಾಚಿಕೊಂಡಿತ್ತು. ಕ್ಯಾರಿಯರಿನ ಕಾಲುಗಳು ಈ ಗಟ್ಟಿ ಅಂಚನ್ನು ಕಚ್ಚಿ ಕೂರುತ್ತಿದ್ದವು. ಭಾರ ನೇರವಾಗಿ ಬಾಗಿಲ ಕಂಬಗಳಿಗೆ ಇಳಿಯುತ್ತಿತ್ತು. ತಾರಸಿಯ ನಡುಭಾಗಕ್ಕೆ ಹೊರೆ ತಾಗುತ್ತಲೇ ಇರಲಿಲ್ಲ. ಮೊದಲಿನ ಮಾರುತಿ 800, ಓಮ್ನಿ ಗಾಡಿಗಳಿಗೂ ಇಂಥ ಅಂಚು ಇತ್ತು.

ಈಗಿನ ಗಾಡಿ ನೋಡಿ. ಗಾಳಿ ಸೀಳಲಿ, ನೋಟ ಚೆನ್ನಾಗಿರಲಿ ಎಂದು ಆ ಅಂಚನ್ನೇ ತೆಗೆದು ನುಣುಪು ಮಾಡಿದ್ದಾರೆ. ಅಂಚು ಇದ್ದ ಜಾಗದಲ್ಲಿ ಒಂದು ಸಣ್ಣ ಕಾಲುವೆ, ಅದರ ಮೇಲೊಂದು ಕರಿ ರಬ್ಬರ್ ಪಟ್ಟಿ. ಕೆಲವು ಗಾಡಿಗಳಿಗೆ ತಾರಸಿಯ ಉದ್ದಕ್ಕೂ ಎರಡು ಕಂಬಿ ಇರುತ್ತವೆ, ರೂಫ್ ರೈಲ್ ಅನ್ನುತ್ತಾರೆ. ಇದರಲ್ಲೂ ಮೋಸವಿದೆ. ಕೆಲವು ಕಂಪನಿಗಳ ಕಂಬಿ ಭಾರ ಹೊರಲು ಬೋಲ್ಟು ಹಾಕಿ ಕೂರಿಸಿದ್ದು. ಇನ್ನು ಕೆಲವು ಬರೀ ಅಲಂಕಾರಕ್ಕೆ ಅಂಟಿಸಿದ ಪ್ಲಾಸ್ಟಿಕ್ಕು. ಹೊರಗೆ ನಿಂತು ನೋಡಿದರೆ ಎರಡೂ ಒಂದೇ ಥರ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ, ಇಲ್ಲವೇ ಷೋರೂಮಿನವರನ್ನು ಕೇಳಬೇಕು. ಅಲಂಕಾರದ ಕಂಬಿಗೆ ಅರ್ಧ ಕ್ವಿಂಟಾಲ್ ನೇತುಹಾಕಿದರೆ ಅದು ಎಷ್ಟು ದೂರ ತಡೆದೀತು?

ನೂರು ತೆಂಗಿನಕಾಯಿ ಲೆಕ್ಕ

ಈಗ ತೂಕಕ್ಕೆ ಬರೋಣ. ಮನೆಬಳಕೆಯ ಬಹುತೇಕ ಕಾರುಗಳ ತಾರಸಿ ಓಡುವಾಗ ಹೊರಬಹುದಾದ ಭಾರವನ್ನು ಕಂಪನಿಗಳು 50ರಿಂದ 75 ಕೆ.ಜಿ. ಎಂದು ಗೊತ್ತು ಮಾಡಿರುತ್ತವೆ. ದೊಡ್ಡ ಗಾಡಿಗಳಲ್ಲಿ ಕೆಲವಕ್ಕೆ 100 ಕೆ.ಜಿ. ಉಂಟು. ಕೆಲವು ಗಾಡಿಗಳ ಪುಸ್ತಕದಲ್ಲಿ ತಾರಸಿಯ ಮೇಲೆ ಏನನ್ನೂ ಇಡಬೇಡಿ ಎಂದೇ ಇರುತ್ತದೆ. ಈ ಅಂಕಿಯೊಳಗೆ ಪೆಟ್ಟಿಗೆಯ ತೂಕ, ಅದನ್ನು ಹೊರುವ ಅಡ್ಡಪಟ್ಟಿಗಳ ತೂಕ ಎರಡೂ ಸೇರಿದವು ಎಂಬುದನ್ನು ಮರೆಯುವವರೇ ಜಾಸ್ತಿ.

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ, ಆದರೂ ಹೇಳುತ್ತೇನೆ. ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಸುಮಾರು 20 ಕೆ.ಜಿ. ತೂಗುತ್ತದೆ. ಎರಡು ಅಡ್ಡಪಟ್ಟಿಗೆ 5-6 ಕೆ.ಜಿ. ಹಿಡಿಯಿರಿ. ತಾರಸಿಯ ಮಿತಿ 75 ಇದ್ದರೆ ಸಾಮಾನಿಗೆ ಉಳಿಯುವುದು 49. ಮಿತಿ 50 ಇದ್ದರೆ ಉಳಿಯುವುದು 24. ಅಂದರೆ ಒಂದು 25 ಕೆ.ಜಿ. ಅಕ್ಕಿ ಚೀಲಕ್ಕೂ ಜಾಗವಿಲ್ಲ. ಪೆಟ್ಟಿಗೆಯ ಹೊಟ್ಟೆ ನೋಡಿದರೆ ಮೂರು ಚೀಲ ನುಂಗುವಂತಿರುತ್ತದೆ!

ನಮ್ಮ ಸೀಮೆಯ ಇನ್ನೊಂದು ಲೆಕ್ಕ. ಅರಸೀಕೆರೆ ಕಡೆಯವರು ನೆಂಟರ ಮನೆಗೆ ಬರಿಗೈಲಿ ಹೋಗುವವರಲ್ಲ. ಸುಲಿದ ಕಾಯಿ ಒಂದಕ್ಕೆ ಅರ್ಧ ಕೆ.ಜಿ. ಹಿಡಿದರೂ ನೂರು ಕಾಯಿಗೆ 50 ಕೆ.ಜಿ. ಆಯಿತು. 20 ಲೀಟರಿನ ನೀರಿನ ಕ್ಯಾನು ಒಂದಕ್ಕೆ 20 ಕೆ.ಜಿ. ದಾರಿಯಲ್ಲಿ ಅಡಿಗೆ ಮಾಡಿಕೊಳ್ಳುವ ಭಕ್ತಾದಿಗಳು ಮೇಲೆ ಏರಿಸುವ ಮನೆಬಳಕೆಯ ಸಿಲಿಂಡರಿನಲ್ಲಿ ಗ್ಯಾಸೇ 14.2 ಕೆ.ಜಿ., ಕಬ್ಬಿಣವೂ ಹೆಚ್ಚುಕಮ್ಮಿ ಅಷ್ಟೇ, ಒಟ್ಟು 30ರ ಹತ್ತಿರ. ಬಿಸಿಲಲ್ಲಿ ಕಾದ ತಾರಸಿಯ ಮೇಲೆ ತುಂಬಿದ ಸಿಲಿಂಡರ್ ಉರುಳಾಡಿಸಿಕೊಂಡು ಘಾಟಿ ಇಳಿಯುವ ಧೈರ್ಯಕ್ಕೆ ಏನು ಹೇಳೋಣ? ಅದನ್ನು ಮನೆಯಲ್ಲಿ ಬಿಡಿ. ಕಾಯಿ, ಅಕ್ಕಿ, ನೀರು, ಪಾತ್ರೆ ಇವೆಲ್ಲ ಕೆಳಗೆ, ಡಿಕ್ಕಿಯಲ್ಲಿ. ಬಟ್ಟೆ, ಕಂಬಳಿ, ಚಾಪೆ, ದಿಂಬು, ಬುರುಗಿನ ಹಾಸಿಗೆ ಇವು ಮೇಲೆ. ಜಾಗ ತಿನ್ನುವುದು, ತೂಕ ತೂಗದ್ದು, ಅದಕ್ಕೇ ಈ ಪೆಟ್ಟಿಗೆ ಹುಟ್ಟಿದ್ದು.

ಮೇಲಿನ ಭಾರ ಯಾಕೆ ಕೆಟ್ಟದ್ದು ಎಂಬುದು ತಲೆಯ ಮೇಲೆ ಬಿಂದಿಗೆ ಹೊತ್ತು ಕೆರೆ ಏರಿ ಇಳಿದ ಹೆಣ್ಣುಮಕ್ಕಳಿಗೆ ಗೊತ್ತು. ನೆಟ್ಟಗೆ ನಡೆದರೆ ಸರಿ, ತಟ್ಟನೆ ತಿರುಗಿದರೆ ಬಿಂದಿಗೆ ಒಂದು ಕಡೆ, ಮೈ ಒಂದು ಕಡೆ. ಅರಸೀಕೆರೆಯಿಂದ ಹಳೇಬೀಡು, ಬೇಲೂರು, ಮೂಡಿಗೆರೆ ಹಾದು ಚಾರ್ಮಾಡಿ ಇಳಿಯುವ ದಾರಿಯಲ್ಲಿ ಕೊಟ್ಟಿಗೆಹಾರ ದಾಟಿದ ಮೇಲೆ ತಿರುವೋ ತಿರುವು. ಅಲ್ಲಿ ತಲೆಭಾರದ ಗಾಡಿ ಹೊರಕ್ಕೆ ವಾಲುತ್ತದೆ. ಬ್ರೇಕು ಹಾಕಿದರೆ ಮುಂದಕ್ಕೆ ಮುಗ್ಗರಿಸುತ್ತದೆ. ಮಳೆ, ಮಂಜು ಇದ್ದರಂತೂ ಕೇಳಲೇಬೇಡಿ. ಒಳಗೆ ಏಳು ಜನ ಕೂತಿದ್ದರೆ ತಲಾ 65 ಕೆ.ಜಿ.ಯಂತೆ 455 ಕೆ.ಜಿ. ಆಗಲೇ ಏರಿಯಾಗಿದೆ ಎಂಬುದೂ ನೆನಪಿರಲಿ.

ಹಾಗಾದರೆ ಯಾರಿಗೆ ಬೇಕು?

ಬೇಕಾದವರು ಇದ್ದಾರೆ. ಟ್ಯಾಕ್ಸಿಯವರ ಅಚ್ಚುಮೆಚ್ಚಿನ ಎರ್ಟಿಗಾ ಗಾಡಿಯಲ್ಲಿ ಮೂರನೆಯ ಸಾಲಿನ ಸೀಟು ಎತ್ತಿ ನಿಲ್ಲಿಸಿದರೆ ಡಿಕ್ಕಿಯಲ್ಲಿ ಉಳಿಯುವ ಜಾಗ 209 ಲೀಟರು. ಎರಡು ಸೂಟ್‌ಕೇಸು ಇಟ್ಟರೆ ಮೂರನೆಯದಕ್ಕೆ ಪರದಾಟ. ಸಿ.ಎನ್.ಜಿ. ಗಾಡಿಯಾದರೆ ಆ ಜಾಗದಲ್ಲಿ ಸಿಲಿಂಡರ್ ಬೇರೆ ಕೂತಿರುತ್ತದೆ. ಏಳು ಸೀಟು ಕೊಟ್ಟ ಪುಣ್ಯಾತ್ಮರು ಏಳು ಜನರ ಗಂಟುಮೂಟೆಗೆ ಜಾಗ ಕೊಡಲಿಲ್ಲ. ಇಂಥವರಿಗೆ 300ರಿಂದ 500 ಲೀಟರು ಹಿಡಿಯುವ ಪೆಟ್ಟಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ನಾಲ್ಕು ಜನರ ಸಂಸಾರ, ದೊಡ್ಡ ಡಿಕ್ಕಿಯ ಕಾರು, ವರ್ಷಕ್ಕೊಂದು ತಿರುಪತಿ ಅಂದರೆ ನನ್ನ ಮಾತು ಕೇಳಿ, ದುಡ್ಡು ಉಳಿಸಿ.

ಮೂರು ಬಗೆ ಸಿಗುತ್ತವೆ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ಕಬ್ಬಿಣದ ಕ್ಯಾರಿಯರ್ ಅಗ್ಗ, ಗಟ್ಟಿ, ಆದರೆ ತಾನೇ ಭಾರ. ತಾರಸಿ ಹೊರುವ ಪಾಲಿನಲ್ಲಿ ದೊಡ್ಡ ಭಾಗ ಅದಕ್ಕೇ ಹೋಗುತ್ತದೆ. ಟಾರ್ಪಾಲು, ಹಗ್ಗ ಬೇರೆ ಬೇಕು. ಎರಡನೆಯದು ಬಟ್ಟೆಯ ಚೀಲ, ರೆಗ್ಸಿನ್ ಥರದ್ದು, ಬೆಲ್ಟು ಹಾಕಿ ಬಿಗಿಯುವಂಥದು. ಹಗುರ, ಕೆಲಸ ಮುಗಿದ ಮೇಲೆ ಮಡಿಸಿ ಅಟ್ಟಕ್ಕೆ ಹಾಕಬಹುದು. ಬೀಗವಿಲ್ಲ, ನಮ್ಮ ಆಷಾಢದ ಮಳೆಗೆ ಹೊಲಿಗೆಯಲ್ಲಿ ನೀರು ಇಳಿಯುತ್ತದೆ. ಮೂರನೆಯದೇ ಗಟ್ಟಿ ಪೆಟ್ಟಿಗೆ. ಮುಚ್ಚಳ ಇದೆ, ಬೀಗ ಇದೆ, ಗಾಳಿಗೆ ಮೈ ಕೊಡುವ ಆಕಾರ ಇದೆ, ಜೇಬಿಗೆ ಕತ್ತರಿಯೂ ಇದೆ. ಈ ಧಂಧೆಯಲ್ಲಿ ಹೆಸರುವಾಸಿಯಾದ ಸ್ವೀಡನ್ನಿನ ಥುಲೆ ಕಂಪನಿ 1942ರಲ್ಲಿ ಶುರುವಾದಾಗ ಮೀನು ಹಿಡಿಯುವ ಬೋನು ಮಾರುತ್ತಿತ್ತಂತೆ! ಕಾರಿನ ತಾರಸಿಗೆ ಏರಿದ್ದು 1960ರ ದಶಕದಲ್ಲಿ.

ಕೊಳ್ಳುವ ಮುಂಚೆ ಅಳತೆ ಟೇಪು ಹಿಡಿದು ಕಾರಿನ ಹತ್ತಿರ ಹೋಗಿ. ಹಿಂದಿನ ಡಿಕ್ಕಿ ಬಾಗಿಲು ಪೂರ್ತಿ ಎತ್ತಿ ನೋಡಿ, ಅದು ಮೇಲೆದ್ದಾಗ ಎಲ್ಲಿವರೆಗೆ ಬರುತ್ತದೆ ಎಂದು ಗುರುತು ಮಾಡಿ. ಪೆಟ್ಟಿಗೆಯ ಹಿಂಭಾಗ ಆ ಗುರುತು ದಾಟಿದರೆ ದಿನಕ್ಕೆ ಹತ್ತು ಸಲ ಬಾಗಿಲು ಅದಕ್ಕೆ ಬಡಿಯುತ್ತದೆ, ಬಣ್ಣ ಹೋಗುತ್ತದೆ. ಮುಂಭಾಗ ಗಾಜಿನ ಮೇಲೆ ಚಾಚಬಾರದು. ಎರಡು ಅಡ್ಡಪಟ್ಟಿಗಳ ನಡುವಿನ ಅಂತರ ಪೆಟ್ಟಿಗೆಯ ತಳದ ಕ್ಲಾಂಪಿಗೆ ಹೊಂದಬೇಕು. ಹೊಂದದಿದ್ದರೆ ಎಂಥಾ ಹೆಸರಿನ ಪೆಟ್ಟಿಗೆಯಾದರೂ ವ್ಯರ್ಥ.

ಎತ್ತರವನ್ನೂ ನೋಡಿಕೊಳ್ಳಿ. ಎರ್ಟಿಗಾ ಎತ್ತರ 1,690 ಮಿಲಿಮೀಟರು. ಪಟ್ಟಿ 10 ಸೆಂಟಿಮೀಟರು, ಪೆಟ್ಟಿಗೆ 40 ಸೆಂಟಿಮೀಟರು ಅಂದರೆ ನೆಲದಿಂದ 2.19 ಮೀಟರು, ಏಳಡಿ ದಾಟಿತು. ಬೆಂಗಳೂರಿಗೆ ಹೋಗಿ ನೆಲಮಾಳಿಗೆಗೆ ಗಾಡಿ ಇಳಿಸುವಾಗ 2.1 ಮೀಟರ್ ಎಂದು ಬೋರ್ಡು ಇದ್ದರೆ ಅಲ್ಲೇ ನಿಲ್ಲಬೇಕು. ಹಳ್ಳಿ ರಸ್ತೆಯಲ್ಲಿ ಬಾಗಿದ ಹುಣಸೆ ಕೊಂಬೆಗೆ ಬೋರ್ಡೂ ಇರುವುದಿಲ್ಲ.

ಕೂರಿಸುವ ಕೆಲಸ

ಕೂರಿಸುವುದು ಅಂಥ ಬ್ರಹ್ಮವಿದ್ಯೆಯಲ್ಲ, ಅರ್ಧ ದಿನ ತಾಳ್ಮೆ ಬೇಕು, ಇಬ್ಬರು ಬೇಕು. ಮೊದಲು ತಾರಸಿ ತೊಳೆದು ಒರೆಸಬೇಕು. ಕ್ಲಾಂಪು ಕೂರುವ ಕಡೆ ಮಣ್ಣಿದ್ದರೆ ರಬ್ಬರು ಹಿಡಿತ ಬಿಡುತ್ತದೆ, ಬಣ್ಣವನ್ನೂ ಉಜ್ಜುತ್ತದೆ. ಎರಡು ಪಟ್ಟಿಗಳೂ ಸಮಾನಾಂತರವಾಗಿ, ಎಡಕ್ಕೂ ಬಲಕ್ಕೂ ಒಂದೇ ಅಳತೆಯಲ್ಲಿ ಇರಬೇಕು. ಬೋಲ್ಟನ್ನು ಒಂದೇ ಕಡೆ ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋಗಬಾರದು. ಲಾರಿ ಚಕ್ರದ ನಟ್ಟಿನ ಹಾಗೆ, ಅದಕ್ಕಿಷ್ಟು ಇದಕ್ಕಿಷ್ಟು ಎಂದು ಸುತ್ತಿ ಬರಬೇಕು. ಬಿಗಿ ಮಾಡಲು ಪಟ್ಟಿಯ ಜೊತೆ ಕೊಟ್ಟ ಕೀಲಿಯೇ ಸಾಕು. ಉದ್ದ ಸ್ಪ್ಯಾನರಿಗೆ ಪೈಪು ತೂರಿಸಿ ತಿರುಗಿಸಿದರೆ ತಾರಸಿಯ ತಗಡೇ ನಗ್ಗುತ್ತದೆ. ಆದ ಮೇಲೆ ಪಟ್ಟಿ ಹಿಡಿದು ಅಲ್ಲಾಡಿಸಿ. ಪಟ್ಟಿಯ ಜೊತೆ ಇಡೀ ಕಾರು ಅಲ್ಲಾಡಿದರೆ ಸರಿ. ಪಟ್ಟಿ ಮಾತ್ರ ಅಲ್ಲಾಡಿದರೆ ಮತ್ತೆ ಬಿಚ್ಚಿ.

ಆಮೇಲೆ ಪೆಟ್ಟಿಗೆ ಏರಿಸಿ, ಒಳಗಿನಿಂದ ಕ್ಲಾಂಪು ಹಾಕಿ. ತೂಕದ ಸಾಮಾನು ನಡುವೆ, ಎರಡು ಪಟ್ಟಿಗಳ ಮಧ್ಯೆ. ಹಗುರವಾದದ್ದು ಹಿಂದು ಮುಂದು. ಒಳಗಡೆಯ ಬೆಲ್ಟನ್ನು ಹಾಕಲೇಬೇಕು, ಇಲ್ಲದಿದ್ದರೆ ಬ್ರೇಕು ಹಾಕಿದಾಗಲೆಲ್ಲಾ ಸೂಟ್‌ಕೇಸು ಮುಂದಿನ ಗೋಡೆಗೆ ಡಿಕ್ಕಿ ಕೊಡುತ್ತದೆ. ಹೊರಟು 50 ಕಿ.ಮೀ. ಆದ ಮೇಲೆ ಕಾಫಿಗೆ ನಿಲ್ಲಿಸಿದಾಗ ಒಮ್ಮೆ ಬೋಲ್ಟು ಮುಟ್ಟಿ ನೋಡಿ. ರಸ್ತೆ ಉಬ್ಬು, ಗುಂಡಿಗಳ ಕೃಪೆಯಿಂದ ಸಡಿಲವಾಗಿರುತ್ತದೆ.

ಒಂದು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. "ಎರಡು ತೂತು ಹೊಡೆದು ಬೋಲ್ಟ್ ಹಾಕ್ಬಿಡ್ತೀನಿ ಸಾರ್, ಜನ್ಮದಲ್ಲಿ ಅಲ್ಲಾಡಲ್ಲ" ಎಂದು ಉತ್ಸಾಹ ತೋರುವವರಿದ್ದಾರೆ. ತೂತಿನಿಂದ ಮಳೆನೀರು ಇಳಿಯುತ್ತದೆ, ಮಲೆನಾಡಿನ ಅಂಚಿನ ನಮ್ಮ ಹವೆಗೆ ತುಕ್ಕು ಹಿಡಿಯಲು ತಡವಿಲ್ಲ. ಅದಕ್ಕಿಂತ ದೊಡ್ಡ ಮಾತು, ಈಗಿನ ಹಲವು ಗಾಡಿಗಳಲ್ಲಿ ಬಾಗಿಲ ನೆತ್ತಿಯ ಒಳಗೆ, ತಾರಸಿಯ ಅಂಚಿನುದ್ದಕ್ಕೂ ಪರದೆಯಂಥ ಏರ್‌ಬ್ಯಾಗು ಮಡಿಸಿ ಇಟ್ಟಿರುತ್ತಾರೆ. ಡ್ರಿಲ್ಲು ಅದಕ್ಕೆ ತಾಗಿದರೆ ಅಪಘಾತದ ದಿನ ಅದು ಅರಳುತ್ತದೆಂಬ ಭರವಸೆ ಇಲ್ಲ.

ದಂಡ ಯಾರ ಜೇಬಿನಿಂದ?

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ಕಂಪನಿ ತಯಾರಿಸಿದ ರೂಪಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಮಾರ್ಪಾಡು ಒಂದಕ್ಕೆ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಗಾಡಿಯ ರಚನೆ ಬದಲಾಗಿ ಅದರ ಮೂಲ ಲಕ್ಷಣವೇ ಬದಲಾದರೆ ಅದು ಮಾರ್ಪಾಡು ಎಂದು 52ನೆಯ ಕಲಮಿನ ವಿವರಣೆ ಹೇಳುತ್ತದೆ. ಕ್ಲಾಂಪು ಸಡಿಲಿಸಿದರೆ ಕೈಗೆ ಬರುವ ಪೆಟ್ಟಿಗೆ ಬೇರೆ, ತಾರಸಿಗೆ ಬೆಸೆದ ಕಬ್ಬಿಣ ಬೇರೆ ಎಂದು ವಾದಿಸಲು ಇದರಲ್ಲಿ ಎಡೆಯಿದೆ. ಆದರೆ ವಾದ ನಡೆಯುವುದು ನಡುರಸ್ತೆಯಲ್ಲಿ, ಟೋಪಿ ಹಾಕಿದವರ ಎದುರು. ಗಾಡಿ ಕಂಪನಿಯವರೇ ಒಪ್ಪಿ ಮಾರುವ ಪಟ್ಟಿಯನ್ನು ಕೊಂಡು ಬಿಲ್ಲನ್ನು ಆರ್.ಸಿ. ಜೊತೆ ಇಟ್ಟುಕೊಳ್ಳುವುದು ಜಾಣತನ. ಇನ್ನು ಸಾಮಾನು ಗಾಡಿಯ ಮೈಗಿಂತ ಪಕ್ಕಕ್ಕೋ ಹಿಂದಕ್ಕೋ ಚಾಚಿದರೆ 194ನೆಯ ಕಲಮಿನ 1ಎ ಪ್ರಕಾರ 20,000 ರೂ. ದಂಡ, ಮೇಲೆ ಸಾಮಾನು ಇಳಿಸುವ ಖರ್ಚು.

ಕಾರಿಲ್ಲದೆ ದಿನಾ ಬಸ್ಸಿನಲ್ಲಿ ಓಡಾಡುವ ನಮ್ಮಂಥವರಿಗೂ ಇದು ಸಂಬಂಧಪಟ್ಟದ್ದೇ. ವರ್ಷಕ್ಕೊಮ್ಮೆ ನಾಲ್ಕು ಮನೆಯವರು ಸೇರಿ ಟ್ಯಾಕ್ಸಿ ಮಾಡುತ್ತೇವೆ. ಹೊರಡುವ ಗಳಿಗೆಯಲ್ಲಿ "ಡ್ರೈವರಣ್ಣಾ, ಇದೊಂದು ಮೂಟೆ ಮೇಲೆ ಹಾಕ್ಬಿಡಿ, ಏನಾಗಲ್ಲ" ಅನ್ನುತ್ತೇವೆ. ಬಾಡಿಗೆ ಕೈತಪ್ಪೀತೆಂದು ಆತ ಇಲ್ಲ ಅನ್ನುವುದಿಲ್ಲ. ದಂಡ ಬಿದ್ದಾಗ ಮಾತ್ರ ನಾವು ಕಿಟಕಿಯಾಚೆ ನೋಡುತ್ತೇವೆ. ದಿನದ ದುಡಿಮೆ ಹೋಗುವುದು ಆತನದು. ಅಯ್ಯಪ್ಪನ ಸೀಜನ್ನಿನಲ್ಲಿ, ನವೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ, ಸ್ಟ್ಯಾಂಡಿನ ಚಾಲಕರಿಗೆ ಬರುವುದೇ ನಾಲ್ಕು ಕಾಸು. ಆಗಲೇ ಮೇಲಿನ ಹೊರೆಯೂ ಜಾಸ್ತಿ. ಗಾಡಿ ಗೊತ್ತು ಮಾಡುವ ದಿನವೇ ಇಷ್ಟು ಜನ, ಇಷ್ಟು ಸಾಮಾನು ಎಂದು ಹೇಳಿಬಿಟ್ಟರೆ ಆತನೂ ಬದುಕುತ್ತಾನೆ, ನಾವೂ ಬದುಕುತ್ತೇವೆ.

ಹಿಂದೆ ಬರುವವನು

ಗಾಳಿಯ ಬಲ ವೇಗದ ವರ್ಗದಂತೆ ಏರುತ್ತದೆ ಎಂದು ಹೈಸ್ಕೂಲಿನ ಮೇಷ್ಟರು ಹೇಳಿದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಗಂಟೆಗೆ 60 ಕಿ.ಮೀ. ಇದ್ದದ್ದು 90 ಆದರೆ ಪೆಟ್ಟಿಗೆಯನ್ನು ನೂಕುವ ಗಾಳಿ ಎರಡೂಕಾಲು ಪಟ್ಟು. ಟಾರ್ಪಾಲಿನ ಮುಂದಿನ ಅಂಚು ಒಂದು ಬೆರಳು ಸಡಿಲವಿದ್ದರೂ ಗಾಳಿ ಒಳಗೆ ಹೊಕ್ಕು ಗಾಳಿಪಟ ಮಾಡುತ್ತದೆ. ನಮ್ಮ ತೆಂಗಿನ ನಾರಿನ ಹಗ್ಗಕ್ಕೆ ಗಂಟು ಚೆನ್ನಾಗಿ ಹಿಡಿಯುತ್ತದೆ, ಆದರೆ ನೆನೆದು ಒಣಗಿದರೆ ಬಿಗಿ ಹೋಗುತ್ತದೆ. ನೈಲಾನು ನುಣುಪು, ಗಂಟು ಜಾರುತ್ತದೆ. ಕ್ಯಾರಿಯರಿಗೆ ಕೊಕ್ಕೆ ಹಾಕಿ ಹಲ್ಲುಗಾಲಿಯಿಂದ ಬಿಗಿಯುವ ಅಗಲ ಬೆಲ್ಟೇ ಮೇಲು.

80 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ 22 ಮೀಟರು ಓಡುತ್ತದೆ. ಮೇಲಿನಿಂದ ಒಂದು ಸೂಟ್‌ಕೇಸು ಕಳಚಿ ಬಿದ್ದರೆ ಕಾರಿನವರಿಗೆ ಗೊತ್ತಾಗುವುದೇ ಮುಂದಿನ ಊರಿನಲ್ಲಿ. ಹಿಂದೆ ಬೈಕಿನಲ್ಲಿ ಬರುವ ಹುಡುಗನಿಗೆ, ಹೆಂಡತಿ ಮಗುವನ್ನು ಕೂರಿಸಿಕೊಂಡು ಸಂತೆಯಿಂದ ಮರಳುವ ರೈತನಿಗೆ ಅದು ಮುಖದ ಮೇಲೆಯೇ ಬರುತ್ತದೆ. ಬೇಲೂರು-ಹಳೇಬೀಡು ನಡುವಿನ 16 ಕಿ.ಮೀ. ರಸ್ತೆಯಲ್ಲಿ ಎಷ್ಟು ಬೈಕು ಓಡುತ್ತವೆ ಎಂದು ಬಸ್ಸಿನ ಕಿಟಕಿಯಲ್ಲಿ ಕೂತವರು ದಿನಾ ನೋಡುತ್ತಾರೆ. ಕಾರಿನ ಸೀಟು ಬೆಲ್ಟು, ಏರ್‌ಬ್ಯಾಗು ಎಲ್ಲಾ ಒಳಗಿರುವವರಿಗೆ. ಮೇಲಿನ ಬೋಲ್ಟು ಬಿಗಿಯಾಗಿದೆಯೇ ಎಂದು ನೋಡುವುದೊಂದೇ ಹಿಂದೆ ಬರುವವನಿಗಾಗಿ ಮಾಡುವ ಕೆಲಸ. ಇದಕ್ಕೆ ಐದು ನಿಮಿಷ ಸಾಕು. ಆ ಐದು ನಿಮಿಷಕ್ಕೂ ಜಿಪುಣತನ ಮಾಡುವವರ ಮೇಲೆ ಮಾತ್ರ ನನಗೆ ಕೋಪ.

ಎಣ್ಣೆ ಖರ್ಚಿನ ಮಾತು ಬಿಟ್ಟರೆ ಅಂಗಡಿಯವರು ಒಪ್ಪುವುದಿಲ್ಲ. ಅಮೆರಿಕ ಸರ್ಕಾರದ ಇಂಧನ ಲೆಕ್ಕದಲ್ಲಿ ದೊಡ್ಡ ಮೊಂಡು ಪೆಟ್ಟಿಗೆಯೊಂದು ತಾರಸಿಯ ಮೇಲಿದ್ದರೆ ಮೈಲೇಜು ಊರೊಳಗೆ ಶೇ. 2ರಿಂದ 8, ಹೆದ್ದಾರಿಯಲ್ಲಿ ಶೇ. 6ರಿಂದ 17, ಅಲ್ಲಿನ ಅತಿವೇಗದ ರಸ್ತೆಗಳಲ್ಲಿ ಶೇ. 10ರಿಂದ 25 ಇಳಿಯುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಗಾಡಿ ಶೇ. 10 ಕಳೆದುಕೊಂಡರೆ 13.5. ಹೋಗಿಬರುವ 600 ಕಿ.ಮೀ. ದಾರಿಗೆ 40 ಲೀಟರು ಸಾಲುತ್ತಿದ್ದುದು 44.4 ಆಯಿತು. ಲೀಟರಿಗೆ 100 ರೂ. ಹಿಡಿದರೂ 440 ರೂ. ಹೆಚ್ಚು. ಯಾತ್ರೆಗೆ ಇದು ದೊಡ್ಡ ಮೊತ್ತವಲ್ಲ. ಆದರೆ ಖಾಲಿ ಪೆಟ್ಟಿಗೆಯನ್ನೇ ವರ್ಷವಿಡೀ ಮೆರೆಸಿಕೊಂಡು ಅಂಗಡಿಗೂ ಮನೆಗೂ ಓಡಾಡಿದರೆ ಕಾಸು ಸುಮ್ಮನೆ ಗಾಳಿಗೆ ಹೋಗುತ್ತದೆ.

ಬೆಂಗಳೂರಿನಿಂದ ಸರಕು ತರುವ ವ್ಯಾಪಾರಿಗಳಿಗೆ ಒಂದು ಮಾತು. ಭಾರದ ಪೆಟ್ಟಿಗೆಗಳನ್ನು ಕಾರಿನ ನೆತ್ತಿಗೆ ಏರಿಸುವ ಬದಲು ಕೆ.ಎಸ್.ಆರ್.ಟಿ.ಸಿ. 2021ರಲ್ಲಿ ಶುರು ಮಾಡಿದ 'ನಮ್ಮ ಕಾರ್ಗೋ' ಕೌಂಟರಿನಲ್ಲಿ ದರ ವಿಚಾರಿಸಿ. ಅರಸೀಕೆರೆ ಜಂಕ್ಷನ್ನಿನ ಕಡೆಯವರು ರೈಲು ಪಾರ್ಸೆಲ್ಲನ್ನೂ ಕೇಳಿ ನೋಡಬಹುದು.

ಯಾತ್ರೆ ಮುಗಿದ ಮೇಲೆ ಪೆಟ್ಟಿಗೆ ಇಳಿಸಿ, ಒಳಗೆ ಒರೆಸಿ, ಮುಚ್ಚಳ ಒಂದಿಷ್ಟು ತೆರೆದು ನೆರಳಿನಲ್ಲಿ ಒಣಗಿಸಿ. ಕೊಟ್ಟಿಗೆಯಲ್ಲೋ ಗೋಡೌನಿನಲ್ಲೋ ಗೋಡೆಗೆ ಎರಡು ಅಗಲವಾದ ಬೆಲ್ಟಿನಲ್ಲಿ ನೇತುಹಾಕಿ. ನೆಲದ ಮೇಲಿಟ್ಟರೆ ಮುಂದಿನ ಯಾತ್ರೆಯ ಹೊತ್ತಿಗೆ ಅದರಲ್ಲಿ ಇಲಿ ಸಂಸಾರ ಹೂಡಿರುತ್ತದೆ. ಬೋಲ್ಟು, ಕೀಲಿ, ಬೆಲ್ಟು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಪೆಟ್ಟಿಗೆಯೊಳಗೇ ಇಡಿ. ಬೀಗದ ಕೈ ಮಾತ್ರ ಮನೆಯೊಳಗೆ, ಗಾಡಿಯ ಇನ್ನೊಂದು ಕೀಲಿಯ ಜೊತೆ.